ಶನಿವಾರದವರೆಗೆ ಇಳಿಯದ ಗೆರೆ

ನನ್ನ ಮೊಮ್ಮಗಳು ಕಾರವಾರದ ಒಂದು ಕಚೇರಿಯಲ್ಲಿ ನಾಲ್ಕು ಹುಡುಗಿಯರ ತಂಡಕ್ಕೆ ಹಿರಿಯಳು. ಬೇರೆಯವರು ಮಾಡಿದ ಆ್ಯಪುಗಳಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ವಾರದ ಕೆಲಸವನ್ನು ಚೀಟಿ ಚೀಟಿ ಮಾಡಿ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುತ್ತಾರೆ. ಒಂದೊಂದು ಚೀಟಿ ‘ಮುಗಿದಿದೆ’ ಎಂಬ ಕೊನೆಯ ಸಾಲಿಗೆ ಹೋದಂತೆ ಪಕ್ಕದ ಚಿತ್ರದಲ್ಲಿ ಉಳಿದ ಕೆಲಸ ತೋರಿಸುವ ಒಂದು ಗೆರೆ ಇಳಿಯಬೇಕು. ಇವರ ಗೆರೆ ಸೋಮವಾರದಿಂದ ಶುಕ್ರವಾರದವರೆಗೆ ಮೇಲೆಯೇ ಅಡ್ಡ ಮಲಗಿರುತ್ತಿತ್ತು. ಶನಿವಾರ ಸಂಜೆ ಹಗ್ಗ ಹರಿದ ಕೊಡದ ಹಾಗೆ ಒಮ್ಮೆಲೇ ಕೆಳಗೆ. ಹುಬ್ಬಳ್ಳಿಯಲ್ಲಿ ಕೂತ ಅವರ ಸಾಹೇಬರು ಅದನ್ನು ನೋಡಿ, ಐದು ದಿನ ಸುಮ್ಮನೆ ಕೂರುವ ತಂಡ ಬೇಡ, ಮುಂದಿನ ವಾರವೂ ಹೀಗೇ ಆದರೆ ಕೆಲಸ ಬೇರೆ ಊರಿನವರಿಗೆ ಎಂದುಬಿಟ್ಟರು.

ಆ ಭಾನುವಾರ ಅಮದಳ್ಳಿಯ ನಮ್ಮ ಜಗಲಿಯಲ್ಲಿ ಅವಳು ಲ್ಯಾಪ್‌ಟಾಪ್ ಹಿಡಿದು ಕೂತಳು. ನಾನು ಸಾರಿಗೆಂದು ಬಳಚಿನ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಿದ್ದೆ. ಗೆರೆ ಹೀಗೇಕೆ ಎಂದು ಹುಡುಕುತ್ತ, ರಜೆಯ ದಿನಗಳು ತಪ್ಪಾಗಿ ಸೇರಿವೆಯೇ ಎಂದು ನೋಡಿದಳು. ಇಲ್ಲ. ಹಳೆಯ ವಾರದ ಚೀಟಿ ಸೇರಿಕೊಂಡಿದೆಯೇ? ಅದೂ ಇಲ್ಲ.

“ಈ ಸಾಫ್ಟ್‌ವೇರೇ ಸರಿ ಇಲ್ಲ ಅಜ್ಜಿ. ಹುಡ್ಗೀರು ದಿನಾ ಮಾಡೂದು ನಂಗೆ ಗೊತ್ತಿಲ್ವಾ?”

“ಮಾಡಿದ್ದನ್ನ ಕೊನೇ ಸಾಲಿಗೆ ಹಾಕೂದು ಯಾರೇ?”

“ನಾನು. ಅವ್ರೇ ಹಾಕೂಕೆ ಅಡ್ಡಿಲ್ಲ. ಆದ್ರೆ ಅಕ್ಕ ನೋಡದೆ ಮುಗೀತು ಅನ್ನೂದು ಹೆಂಗೆ ಅಂತಾರೆ. ನಂಗೆ ಎಲ್ಲಾ ನೋಡೂಕೆ ಪುರ್ಸೊತ್ತು ಸಿಗೂದು ಶನಿವಾರ.”

ನನ್ನ ಓದು ಮೂರನೇ ಇಯತ್ತೆಗೆ ನಿಂತದ್ದು. ಆದರೂ ಇದು ತಿಳಿಯಿತು. ತೋಡೂರಿನ ಕಡೆ ಕೂಲಿಗೆ ಭತ್ತದ ಸಸಿ ನೆಡಲು ಹೋದಾಗ, ಗುಂಪಿನ ಹಿರಿಯ ಹೆಂಗಸು ಬದುವಿನ ಮೇಲೆ ನಿಂತು ನೋಡುವವರೆಗೆ ಯಾರೂ ಗದ್ದೆ ಮುಗಿಯಿತು ಎನ್ನುತ್ತಿರಲಿಲ್ಲ. ಕೆಸರಿನಲ್ಲೇ ನಿಂತಿರಬೇಕು. ಕೆಲವು ವರ್ಷ ಕಳೆದು ಆ ಹಿರಿಯ ಹೆಂಗಸು ನಾನೇ ಆದೆ. ಎಲೆಯಡಿಕೆ ಹಾಕಿಕೊಂಡು ನಿಧಾನಕ್ಕೆ ಬರುತ್ತಿದ್ದೆ. ಕಾಯಿಸುವುದರಲ್ಲಿ ಸುಖವಿತ್ತು, ಸುಳ್ಳೇಕೆ ಹೇಳಲಿ.

“ಸಾಫ್ಟ್‌ವೇರ್ ಸರಿಯೇ ಉಂಟು. ಸರಿ ಇಲ್ಲದ್ದು ನೀನು” ಎಂದೆ. “ಅಕ್ಕಾ ಅಕ್ಕಾ ಅನ್ನಿಸ್ಕೊಳ್ಳೂ ಚಟ ನಿಂಗೆ.”

“ಹೌದೌದು, ನಿನ್ನ ಮೊಮ್ಮಗಳಲ್ವಾ!”

ಮುಖ ಊದಿಸಿಕೊಂಡೇ ನಾಲ್ವರಿಗೂ ಫೋನ್ ಮಾಡಿದಳು. ಮುಗಿದ ದಿನವೇ ಅವರವರ ಚೀಟಿ ಅವರವರೇ ಹಾಕಬೇಕು ಎಂದಳು. ಅಂಕೋಲೆಯ ಹುಡುಗಿ ಮಾತ್ರ ಒಪ್ಪಲಿಲ್ಲ. “ನೀವು ನೋಡದೆ ನಾ ಹಾಕೂದಿಲ್ಲ ಅಕ್ಕಾ, ಪಾಪ ಬರ್ತದೆ.”

“ಎಂತ ಪಾಪನೇ ಮಾರಾಯ್ತಿ! ಹಾಕು. ತಪ್ಪಿದ್ರೆ ನಾನು ವಾಪಸ್ ತರ್ತೇನೆ.”

ಸೋಮವಾರ ಗೆರೆ ಒಂದಿಷ್ಟು ಇಳಿಯಿತು, ಮಂಗಳವಾರ ಇನ್ನೊಂದಿಷ್ಟು. ಬುಧವಾರ ಎರಡು ಚೀಟಿಯಲ್ಲಿ ತಪ್ಪು ಕಂಡು ಇವಳು ಹಿಂದಕ್ಕೆ ಎಳೆದಳು, ಗೆರೆ ಮೇಲೆ ಹೋಯಿತು. ಇಳಿದ ಗೆರೆ ಏರಿದ್ದೇಕೆ ಎಂದು ಸಾಹೇಬರು ಕೇಳಿದರು. ಇದ್ದದ್ದನ್ನು ಹೇಳಿದಳು.

ಕೆಲಸ ಕಾರವಾರದಲ್ಲೇ ಉಳಿಯಿತು. ಈಗ ಸಾಹೇಬರು ದಿನಾ ಫೋನ್ ಮಾಡುತ್ತಾರೆ, ನಿನ್ನೆ ಮೂರು ಚೀಟಿ ಹೋಗಿತ್ತು, ಇಂದು ಒಂದೇ ಯಾಕೆ ಎಂದು. ಮೊದಲು ಬೈಗುಳ ವಾರಕ್ಕೊಂದೇ ಇತ್ತು.