ಬೇಶೆನಾಲಿಯ ನಾಲಿಗೆ

"ಕಹಿ ಐತೆ. ಇನ್ನೂ ಹತ್ತು ದಿನ ಬೇಕು."

"ಸುಳ್ಳು!"

"ನಾಲಿಗೆ ನಂದಾ, ನಿಂದಾ?"

"ನಿಂದೇ ಅಪ್ಪ. ಅದಕ್ಕೇ ಸುಳ್ಳು ಅಂದಿದ್ದು. ಇವತ್ತು ಮಂಗಳವಾರ, ಶನಿವಾರ ಆಟ. ನಾನು ಬೇಲಿ ಮೇಲೆ ಕೂತು ಚಪ್ಪಾಳೆ ತಟ್ಟಬೇಕು, ಅಷ್ಟೇ ತಾನೇ ನಿಂಗೆ ಬೇಕಾಗಿರೋದು?"

ಅತ್‌ಬಾಶಿ ಕಣಿವೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರವತ್ತೈದರ ಬೇಶೆನಾಲಿ ಅಂಗಳದಲ್ಲಿ ಮರದ ಪಟ್ಟಿ ಹಿಡಿದು ನಿಂತಿದ್ದಾರೆ. ಮಗ ಕೆನೆಶ್ ಓಡಿಸಿಕೊಂಡು ಬಂದ ಬೂದು ಕುದುರೆಯ ಕುತ್ತಿಗೆಯಿಂದ ಬೆವರು ಹೆರೆದು, ಈಗಷ್ಟೇ ನಾಲಿಗೆಗೆ ತಾಗಿಸಿಕೊಂಡಿದ್ದಾರೆ. ಬೆವರು ಕಹಿಯಿದ್ದರೆ ಬೇಸಿಗೆ ಹುಲ್ಲಿನ ಕೊಬ್ಬು ಒಳಗೇ ಇದೆ ಎಂದರ್ಥ. ಅಂಥ ಕುದುರೆಯನ್ನು ಜೋರಾಗಿ ಓಡಿಸಿದರೆ ಎದೆ ಒಡೆದು ಬೀಳುತ್ತದೆ. ಬರೀ ಉಪ್ಪಾದರೆ ಇನ್ನು ಎರಡು ಮೂರು ದಿನದ ಕೆಲಸ. ನೀರಿನಂತೆ ಸಪ್ಪೆಯಾದರೆ ಕುದುರೆ ಸಿದ್ಧ.

"ಹತ್ತು ದಿನಾನೂ ಬೇಡ, ಮೂರು ದಿನಾನೂ ಬೇಡ. ಇವತ್ತೇ ಗುಡ್ಡ ಹತ್ತಿಸ್ತೀನಿ," ಎನ್ನುತ್ತಾನೆ ಕೆನೆಶ್, ಒಂದೇ ನೆಗೆತಕ್ಕೆ ಜೀನು ಏರಿ.

"ಹತ್ತಿಸು, ಹತ್ತಿಸು. ಬಿದ್ರೆ ಮಾಂಸಕ್ಕಾದ್ರೂ ಆಗುತ್ತೆ."

ಮಗ ಹಿಂತಿರುಗಿ ನೋಡದೆ ಹೋಗುತ್ತಾನೆ. ಅಪ್ಪ ಪಟ್ಟಿಯನ್ನು ಬೇಲಿಗೆ ಸಿಕ್ಕಿಸಿ ಮುಂದಿನ ಕುದುರೆಯತ್ತ ಕುಂಟುತ್ತಾರೆ.

ಈ ಮನುಷ್ಯನ ಹೆಸರು ಕಣಿವೆಯ ಆಚೆ ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷದಿಂದ ಇಲ್ಲಿನ ಕುದುರೆಗಳನ್ನು ಆಟಕ್ಕೆ ಹದಗೊಳಿಸುತ್ತಿರುವವರು ಇವರೇ. ಕುದುರೆ ಮೇಲಿದ್ದು ಆಡಿನ ಕಳೇಬರವನ್ನು ಒಬ್ಬರ ತೊಡೆಯಡಿಯಿಂದ ಇನ್ನೊಬ್ಬರು ಕಿತ್ತುಕೊಂಡು ಗುಂಡಿಗೆ ಎಸೆಯುವ ಆಟ ಅದು. ಬೇಶೆನಾಲಿ ಬೆಳಗಿನ ನಾಲ್ಕು ಗಂಟೆಗೆ ಏಳುತ್ತಾರೆ. ಈ ಶರತ್ಕಾಲಕ್ಕೆ ಎಂಟು ಕುದುರೆ, ಒಂದೊಂದಕ್ಕೂ ನಲವತ್ತು ದಿನ. ಮೇವು ಕಡಿಮೆ ಮಾಡಬೇಕು, ಓಡಿಸಬೇಕು, ಕಂಬಳಿ ಹೊದಿಸಿ ಬೆವರಿಳಿಸಬೇಕು, ಹೆರೆಯಬೇಕು, ನೆಕ್ಕಬೇಕು. ಕುದುರೆಗೊಂದು ಕುರಿ ಇವರ ಕೂಲಿ. ಗೆದ್ದರೆ ರತ್ನಗಂಬಳಿ ಸವಾರನಿಗೆ, ಹೊಗಳಿಕೆ ಒಡೆಯನಿಗೆ. ಗೆದ್ದ ಮೇಲೆ ಈ ಅಂಗಳದ ಕಡೆ ಯಾರೂ ತಲೆ ಹಾಕುವುದಿಲ್ಲ.

"ಹಾಕೋದು ಬೇಡ. ಬಂದ್ರೆ ಚಹಾ ಕಾಯಿಸ್ಬೇಕು," ಎನ್ನುತ್ತಾರೆ ಬೇಶೆನಾಲಿ.

ಒಂದು ಸಲ ಮಾತ್ರ ಸಿನಿಮಾ ತೆಗೆಯಲು ದೊಡ್ಡ ಜನ ಬಂದಿದ್ದರು. ಆರು ವರ್ಷದ ಹಿಂದಿನ ಮಾತು. ಅಪ್ಪ ಮಗ ಇಬ್ಬರೂ ಸವಾರರು, ಕೊನೆಗೆ ಮಗ ಅಪ್ಪನನ್ನು ಸೋಲಿಸುತ್ತಾನೆ. ಇಂಥ ಕತೆಯ ಸಿನಿಮಾ. ನಗರದಿಂದ ಬಂದ ನಾಯಕ ನಟರು ಕುದುರೆ ಏರಿದರೆ ಜೀನಿನ ಕೊಂಬು ಹಿಡಿದು ನಡುಗುತ್ತಿದ್ದರು. ಹಾಗಾಗಿ ಸಿನಿಮಾದ ಅಪ್ಪನ ಬದಲು ಬೇಶೆನಾಲಿ, ಮಗನ ಬದಲು ಕೆನೆಶ್ ಸವಾರಿ ಮಾಡಿದರು. ಕ್ಯಾಮೆರಾಕ್ಕೆ ಬೆನ್ನು ಮಾತ್ರ ತೋರಿಸಬೇಕು. ಕೊನೆಯ ದಿನ ಬೇಶೆನಾಲಿಗೆ ಇದ್ದದ್ದು ಒಂದೇ ಕೆಲಸ. ಆಡಿನ ಕಾಲು ಬಿಟ್ಟುಕೊಟ್ಟು ಸೋಲುವುದು.

ಹನ್ನೊಂದು ಸಲ ತೆಗೆದರು. ಹನ್ನೊಂದು ಸಲವೂ ಬಿಡಲಿಲ್ಲ.

"ಬಿಡ್ಬೇಕು ಅಂತಾನೇ ಹೋಗ್ತಿದ್ದೆ. ತೊಡೆ ಕೆಳಗೆ ಬಂದಿದ್ದನ್ನ ಬಿಟ್ಟು ಅಭ್ಯಾಸ ಇಲ್ಲ ನಂಗೆ. ಅದೂ ಇವನಿಗೆ!"

ಹನ್ನೆರಡನೆಯ ಸಲ ಕೆನೆಶ್ ಚಾವಟಿ ಎತ್ತಿ ಅಪ್ಪನ ಕರಿ ಕುದುರೆಯ ಮುಖಕ್ಕೆ ಬಾರಿಸಿದ. ಕುದುರೆಯ ತಲೆಗೆ ಹೊಡೆಯುವುದೆಂದರೆ ಇಲ್ಲಿ ತಾಯಿಗೆ ಕೈ ಎತ್ತಿದ ಹಾಗೆ. ಕರಿಯ ಹಿಂಗಾಲ ಮೇಲೆ ಎದ್ದು ನಿಂತು ಹಿಮ್ಮುಖವಾಗಿ ಬಿತ್ತು. ಅದರ ಎಡಗಣ್ಣು ಹೋಯಿತು. ಅಡಿಗೆ ಸಿಕ್ಕ ಬೇಶೆನಾಲಿಯ ಮಂಡಿ ಹೋಯಿತು. ಸಿನಿಮಾದವರು ಚಪ್ಪಾಳೆ ತಟ್ಟಿದರು, ಅದನ್ನೇ ಇಟ್ಟುಕೊಂಡರು. ಶಾಲೆಯಲ್ಲಿ ಪರದೆ ಕಟ್ಟಿ ತೋರಿಸಿದಾಗ ಕಣಿವೆಯ ಜನವೂ, ನಾಚಿಕೆಯಿಲ್ಲದೆ, ತಟ್ಟಿತು. ಕೊನೆಯಲ್ಲಿ ಬಂದ ಹೆಸರುಗಳ ಸಾಲಿನಲ್ಲಿ ಚಹಾ ಕೊಟ್ಟವನಿದ್ದ, ಇವರಿಬ್ಬರೂ ಇರಲಿಲ್ಲ.

"ನನ್ನ ಹೆಸರು ಹಾಳಾಗಿ ಹೋಗ್ಲಿ. ಕರಿಯನ ಹೆಸರಾದ್ರೂ ಹಾಕಬಹುದಿತ್ತು. ಕಣ್ಣು ಕೊಟ್ಟಿದ್ದು ಅವನು."

ಅಂದಿನಿಂದ ಇಬ್ಬರೂ ಕಾಯುತ್ತಿದ್ದಾರೆ. ಹೊಡೆದದ್ದು ತಪ್ಪು ಎಂದು ಮಗ ಹೇಳಲಿ ಅಂತ ಅಪ್ಪ. ಬಿಡದೆ ಇದ್ದದ್ದು ತಪ್ಪು ಎಂದು ಅಪ್ಪ ಹೇಳಲಿ ಅಂತ ಮಗ. ಹೇಳಿದರೆ ಯಾರ ಬಾಯಿ ಸವೆಯುತ್ತಿತ್ತೋ! ಆದರೂ ಪ್ರತಿ ವರ್ಷ ಆಟಕ್ಕೆ ಮುಂಚೆ ಕೆನೆಶ್ ಈ ಅಂಗಳಕ್ಕೆ ಬರಲೇಬೇಕು. ಕಣಿವೆಯಲ್ಲಿ ಬೇರೆ ನಾಲಿಗೆ ಇಲ್ಲ.

ಮಗ ಹೋದ ದೂಳು ಇಳಿಯುವ ಮೊದಲೇ ಬುರುಲ್, ಬೇಶೆನಾಲಿಯ ಹೆಂಡತಿ, ಹಾಲಿನ ಬಕೆಟ್ ಹಿಡಿದು ಹೊರಬರುತ್ತಾರೆ. ಬೇಲಿಯಲ್ಲಿದ್ದ ಪಟ್ಟಿ ತೆಗೆದು, ಅದರ ಅಂಚಿನ ತೇವಕ್ಕೆ ಬೆರಳು ಒತ್ತಿ ನೆಕ್ಕುತ್ತಾರೆ.

"ಉಪ್ಪು. ಕಹಿ ಎಲ್ಲೈತೆ ಮುದುಕಾ?"

"ನಿಂಗೇನು ಗೊತ್ತು?"

"ನಲವತ್ತು ವರ್ಷ ಈ ಪಟ್ಟಿ ತೊಳೆದಿದ್ದು ಯಾರು, ನಿಮ್ಮಮ್ಮನಾ? ಮೂರು ದಿನ ಸಾಕು ಇದಕ್ಕೆ. ಶುಕ್ರವಾರಕ್ಕೆ ಸಿದ್ಧ. ಹೌದೋ ಅಲ್ವೋ?"

ಬೇಶೆನಾಲಿ ಕಂಬಳಿಯ ಗಂಟು ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. "ಮೂರು," ಎನ್ನುತ್ತಾರೆ ಕಂಬಳಿಗೆ.

"ಹತ್ತು ಅಂತ ಯಾಕಂದೆ?"

"ಬಾಯಿಗೆ ಬಂತು."

"ಹನ್ನೊಂದು ಸಲ ಕೈ ಬಿಡ್ಲಿಲ್ಲ. ಈಗ ನಾಲಿಗೇನೂ ಕೈ ಆಗೋಯ್ತಾ? ಆ ಹುಚ್ಚ ಇವತ್ತೇ ಗುಡ್ಡ ಹತ್ತಿಸ್ತಾನೆ. ನೀನು ನಿಜ ಹೇಳಿದ್ರೆ ಮೂರು ದಿನ ಕಾಯ್ತಿದ್ದ."

ಬಕೆಟ್ ಅಲ್ಲೇ ಇಟ್ಟು ಬುರುಲ್ ತಲೆವಸ್ತ್ರ ಬಿಗಿಯುತ್ತಾರೆ. ಹೊಳೆಯಾಚೆ ಮಗನ ಮನೆ, ನಡೆದರೆ ಒಂದು ಗಂಟೆ.

"ಹೇಳಿ ಬಂದ್ಬಿಡು," ಎನ್ನುತ್ತಾರೆ ಬೇಶೆನಾಲಿ.

"ಹೇಳ್ತೀನಿ. ಬರೋ ವಿಷಯ ಆಮೇಲೆ ನೋಡೋಣ."

ಅಂಗಳದ ಬಾಗಿಲು ಹಾಕದೆ ಹೋಗುತ್ತಾರೆ. ಕುದುರೆ ಇರುವ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಮಧ್ಯಾಹ್ನ ನೆರೆಯವನೊಬ್ಬ ಹೆಣ್ಣುಕುದುರೆ ತರುತ್ತಾನೆ. "ಅಜ್ಜ, ಎಷ್ಟು ದಿನ?" ಬೇಶೆನಾಲಿ ಹೆರೆದು ನೆಕ್ಕುತ್ತಾರೆ. ಉಗುಳುತ್ತಾರೆ. ಮತ್ತೆ ಹೆರೆದು ನೆಕ್ಕುತ್ತಾರೆ. ಎರಡು ಸಲ ನೆಕ್ಕಿದ್ದನ್ನು ಕಣಿವೆಯಲ್ಲಿ ಯಾರೂ ಕಂಡಿಲ್ಲ.

"ಆರು ದಿನ. ಆರೇ. ನಂಬಿಕೆ ಇಲ್ವಾ?"

"ಇಲ್ಲ ಅಂತ ಯಾರಂದ್ರು ಅಜ್ಜ?" ಎಂದು ಅವನು ಬೆರಗಾಗುತ್ತಾನೆ.

ಶನಿವಾರ ಆಟದ ಬಯಲಿನ ದೂಳು ಅಂಗಳದವರೆಗೂ ಬರುತ್ತದೆ. ಬೇಶೆನಾಲಿ ಹೋಗಿಲ್ಲ. ಧ್ವನಿವರ್ಧಕದಲ್ಲಿ ಕೆನೆಶನ ಹೆಸರು ಒಮ್ಮೆ ಕೇಳಿಸುತ್ತದೆ, ಮತ್ತೊಮ್ಮೆ, ಆಟ ಮುಗಿಯುವ ಹೊತ್ತಿಗೆ ಮೂರನೆಯ ಸಲ. ಅಂದರೆ ಬೂದು ಕುದುರೆ ಬಿದ್ದಿಲ್ಲ.

ಅವರು ಕರಿಯನ ಕುರುಡುಗಣ್ಣಿನ ಪಕ್ಕ ನಿಂತು ಅದರ ಜುಟ್ಟು ಸರಿಮಾಡುತ್ತಾರೆ.

"ನೋಡ್ದಾ? ಮೂರೇ ದಿನ. ನನ್ನ ನಾಲಿಗೆಗೆ ಗೊತ್ತಿತ್ತು."

ಅಂಗಳದ ಬಾಗಿಲು ಮಂಗಳವಾರದಿಂದ ತೆರೆದೇ ಇದೆ. ಬುರುಲ್ ಬಂದಿಲ್ಲ.