ಸೆಲ್ಲಕ್ಕನ ಗಡಿಯಾರ ಪರೀಕ್ಷೆ

ಬೆಳಗಿನ ಆರು ಗಂಟೆ. ಪೇಟೆಯ ಷಟರ್‌ಗಳು ಇನ್ನೂ ಮೇಲೆದ್ದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯೊಂದರಲ್ಲಿ ಮಾತ್ರ ಅರ್ಧ ನಿಮಿಷಕ್ಕೊಮ್ಮೆ ಫ್ಲಾಶ್ ಮಿಂಚುತ್ತದೆ. ಐವತ್ತು ದಾಟಿದ ಹೆಂಗಸೊಬ್ಬರು ಹಳೆಯ ಡಿಜಿಟಲ್ ಕ್ಯಾಮೆರಾ ಹಿಡಿದು ಗೋಡೆ ಗಡಿಯಾರದ ಫೋಟೋ ತೆಗೆಯುತ್ತಲೇ ಇದ್ದಾರೆ. ಕ್ಯಾಮೆರಾಗೆ ಹಾಕುವ ರೀಚಾರ್ಜ್ ಸೆಲ್ ಮಾರುವ ಇವರು ಪೇಟೆಗೆಲ್ಲ ಸೆಲ್ಲಕ್ಕ. 'ಗಡಿಯಾರಕ್ಕೇನು ಮದುವೆ ಗೊತ್ತಾಯ್ತಾ ಅಕ್ಕಾ?' ಎಂದು ಪಕ್ಕದ ಬೀಗದಂಗಡಿಯವ ಷಟರ್ ಎತ್ತುತ್ತ ಕೆಣಕುತ್ತಾನೆ. ಅಕ್ಕ ಮುಂದಿನ ಫೋಟೋ ಕ್ಲಿಕ್ಕಿಸುತ್ತಾರೆ.

ಹೊಸದಾಗಿ ಬಂದ ಪ್ರತಿ ಪೆಟ್ಟಿಗೆಯಿಂದ ಎರಡು ಸೆಲ್ ತೆಗೆದು, ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾ ಆರಿಹೋಗುವವರೆಗೂ ಹೀಗೆ ಫೋಟೋ ತೆಗೆಯುತ್ತಾರೆ. ಕೊನೆಯ ಫೋಟೋದಲ್ಲಿ ಗಡಿಯಾರ ತೋರಿಸುವ ಹೊತ್ತೇ ಸೆಲ್ಲಿನ ಆಯಸ್ಸಿಗೆ ಸಾಕ್ಷಿ. ಇನ್ನೂರು ಫೋಟೋ ದಾಟದಿದ್ದರೆ ಇಡೀ ಪೆಟ್ಟಿಗೆ ವಾಪಸ್.

'ಮೊದಲು, ಎಷ್ಟು ಚಾರ್ಜ್ ಹಿಡಿಯುತ್ತೆ ಅಂತ ಸೆಲ್ ಮೇಲೆ ಬರೆದಿರೋ ನಂಬರ್ ನೋಡಿ ಮಾರ್ತಿದ್ದೆ. ದೊಡ್ಡ ನಂಬರ್ ಇದ್ರೆ ಒಳ್ಳೆ ಸೆಲ್ಲು ಅಂದ್ಕೊಂಡಿದ್ದೆ. ಬೆಳ್ಳಗಿರೋದೆಲ್ಲ ಹಾಲು ಅಂತ ನಂಬಿದ ದಡ್ಡಿ ನಾನು' ಎಂದು ಮಾತಾಡಿಸಲು ಬಂದ ನನಗೆ ಅಕ್ಕ ಹೇಳಿದರು.

ಹನ್ನೆರಡು ವರ್ಷದ ಹಿಂದೆ ಒಬ್ಬ ಹುಡುಗಿ, ಆಸ್ಪತ್ರೆಯಲ್ಲಿದ್ದ ಅಜ್ಜಿಯ ಫೋಟೋ ತೆಗೆಯಲೆಂದು ಇವರಿಂದ ಸೆಲ್ ಕೊಂಡಳು. ಅಜ್ಜಿ ಎದ್ದು ಕೂತು ತಲೆ ಬಾಚಿಸಿಕೊಳ್ಳುವಷ್ಟರಲ್ಲಿ ಕ್ಯಾಮೆರಾ ಆರಿತು. ಮರುದಿನ ಅಜ್ಜಿ ಇರಲಿಲ್ಲ. ಹುಡುಗಿ ಬಂದು ಸೆಲ್‌ಗಳನ್ನು ಮೇಜಿನ ಮೇಲಿಟ್ಟು ಹೋದಳು. 'ಬೈದಿದ್ರೆ ಮರ್ತುಬಿಡ್ತಿದ್ನೇನೋ. ಅವಳು ಬೈಲೇ ಇಲ್ಲ' ಎನ್ನುತ್ತಾರೆ ಅಕ್ಕ.

ಈ ಪರೀಕ್ಷೆಗೇ ಈಗ ಕುತ್ತು ಬಂದಿದೆ. ಇಡೀ ಪೇಟೆಗೆ ಸೆಲ್ ಹಾಕುವ ಸಗಟು ವ್ಯಾಪಾರಿ ಕಳೆದ ತಿಂಗಳು ಬಂದು, 'ಯಾರಿಗೂ ಇಲ್ದಿರೋ ಉಸಾಬರಿ ನಿಮಗ್ಯಾಕೆ? ಪೆಟ್ಟಿಗೆ ವಾಪಸ್ ಕಳ್ಸೋ ಈ ಆಟ ನಿಲ್ಸಿ' ಎಂದರು. ಅಕ್ಕ ಅವರನ್ನು ಕೂರಿಸಿ, ಪೂರ್ತಿ ಚಾರ್ಜ್ ಮಾಡಿಟ್ಟಿದ್ದ ಅವರದೇ ಹೊಸ ಸೆಲ್ ಹಾಕಿ, ಕ್ಯಾಮೆರಾ ಅವರ ಕೈಗೇ ಕೊಟ್ಟರು. ಮೂವತ್ತೊಂದನೆಯ ಫೋಟೋಗೆ ಕ್ಯಾಮೆರಾ ಕಣ್ಣು ಮುಚ್ಚಿತು. ಮರುದಿನದಿಂದ ಸಾಮಾನು ಬಂದ್. ಅಂಗಡಿಯ ಐದು ಹಲಗೆಗಳಲ್ಲಿ ಮೂರು ಖಾಲಿ. ಅಕ್ಕ ವಾರಕ್ಕೆರಡು ಸಲ ಬಸ್ಸಿನಲ್ಲಿ ಪರವೂರಿಗೆ ಹೋಗಿ ಸೆಲ್ ತರುತ್ತಾರೆ. ನಿಯತ್ತಿಗೆ ಪೇಟೆ ಕೊಡುವ ಬಹುಮಾನ ಇದು ಎಂದು ನನಗೆ ಸಿಟ್ಟು ಬರುತ್ತದೆ, ಅವರಿಗಲ್ಲ.

'ಅಂಗಡಿ ಮುಚ್ಚೋ ಹಾಗಾದ್ರೆ?' ಎಂದು ಕೇಳಿದೆ.

'ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಹೆದರ್ಕೊಂಡು ಸತ್ತ ಸೆಲ್ ಮಾರಲ್ಲ. ಬಾಗಿಲು ಹಾಕೋದಾದ್ರೆ ಪರೀಕ್ಷೆ ಮಾಡಿರೋ ಕೊನೇ ಸೆಲ್ ಮಾರಿದ ಮೇಲೇ ಹಾಕ್ತೀನಿ.'

ನಾನು ಹೊರಡುವಾಗ ಅಕ್ಕ ಒಂದು ಮಾತು ಹೇಳಿ ನಕ್ಕರು. ಮೊನ್ನೆ ಬೆಳಿಗ್ಗೆ ಸಗಟು ವ್ಯಾಪಾರಿಯ ಹೆಂಡತಿ ಬಂದಿದ್ದರಂತೆ. ಮನೆಗೆ ಮೊದಲ ಮೊಮ್ಮಗು ಬಂದಿದೆ, ಫೋಟೋ ತೆಗೆಯಬೇಕು. ಮನೆ ತುಂಬ ಗಂಡನ ಸೆಲ್ ಇವೆ. 'ಅವು ಬೇಡ, ನೀವು ನೋಡಿರೋದೇ ಕೊಡಿ' ಎಂದರಂತೆ.

'ಕೊಟ್ರಾ?'

'ಎರಡು ಕೇಳಿದ್ರು, ನಾಲ್ಕು ಕೊಟ್ಟೆ. ಮಗು ಏನು ತಪ್ಪು ಮಾಡಿದೆ?'

ಅಷ್ಟು ಹೇಳಿ ಅಕ್ಕ ಮತ್ತೆ ಗಡಿಯಾರದತ್ತ ಕ್ಯಾಮೆರಾ ಎತ್ತುತ್ತಾರೆ.