ನಟಿಯರ ತಾರೀಖು ಹಿಡಿದ ಗಾಳೆಮ್ಮ

ಕಾಲುವೆ ನೀರು ಬಂದು ವರ್ಷಕ್ಕೆರಡು ಬೆಳೆ ಕೈಗೆ ಹತ್ತತೊಡಗಿದ ಮೇಲೆ ಕಂಪ್ಲಿ ಸೀಮೆಯ ಗಂಡಸರಿಗೆಲ್ಲ ತಾವು ರಾಜರಿರಬಹುದೆಂಬ ಅನುಮಾನ ಹುಟ್ಟಿಕೊಂಡಿತು. ಅದನ್ನು ತೀರಿಸಿಕೊಳ್ಳಲು ಊರೂರಲ್ಲೂ ನಾಟಕ ಆಡತೊಡಗಿದರು. ರಾಜನ ಪಾತ್ರಕ್ಕೆ ಹತ್ತು ಮಂದಿ ಸಿಗುತ್ತಿದ್ದರು. ರಾಣಿ ಬೇಕೆಂದರೆ ಮಾತ್ರ ಹೊಸಪೇಟೆಗೆ ಬಂದು ಗಾಳೆಮ್ಮನ ಬಾಗಿಲು ತಟ್ಟಬೇಕಿತ್ತು.

ಗಾಳೆಮ್ಮ ಹದಿನೈದು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವಳು. ಮಾಲೀಕ ಒಂದು ದಿನ ಪರದೆಗಳ ಸಮೇತ ಪರಾರಿಯಾದಾಗ, ಬೀದಿಗೆ ಬಿದ್ದ ಎಂಟು ನಟಿಯರನ್ನು ಕೂಡಿಸಿಕೊಂಡು ಅವರ ನಾಟಕಗಳ ತಾರೀಖು ಗೊತ್ತು ಮಾಡಿಕೊಡುವ ಕೆಲಸಕ್ಕೆ ಕೂತಳು. ಅವಳ ಕರಾರು ಗಟ್ಟಿ. ಎರಡು ದಿನ ತಾಲೀಮು ಆಗಲೇಬೇಕು, ನಟಿಗೆ ಒಳಚಿಲಕವಿರುವ ಕೋಣೆ ಕೊಡಲೇಬೇಕು. ಕಲಾಭಿಮಾನಿ ಎಂದು ಯಾರಾದರೂ ಪರಿಚಯ ಹೇಳಿಕೊಂಡರೆ ಅವಳು ಮೊದಲು ಆ ಚಿಲಕದ ಮಾತೇ ಎತ್ತುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಕಂಪ್ಲಿಯ ಅಕ್ಕಿ ಮಿಲ್ಲಿನ ಕೊಟ್ರಯ್ಯ ತಾನೇ ರಾಜನಾಗಿ, ರಾಣಿಯ ಪಾತ್ರಕ್ಕೆ ಗಾಳೆಮ್ಮನ ನಟಿಯರಲ್ಲೊಬ್ಬಳಾದ ಹೊಳೆಮ್ಮನನ್ನು ಗೊತ್ತು ಮಾಡಿದ. ಹ್ಯಾಂಡ್‌ಬಿಲ್ಲಿನಲ್ಲಿ ಅವನ ಮುಖ ಊಟದ ತಟ್ಟೆಯಷ್ಟಿತ್ತು. ಹೊಳೆಮ್ಮನ ಹೆಸರು ಮೈಕಿನವನ ಹೆಸರಿನ ಕೆಳಗಿತ್ತು. ತಾಲೀಮಿನಲ್ಲಿ ಕೊಟ್ರಯ್ಯ ಎರಡು ಸಾಲು ಹೇಳಿ, ಮೂರನೆಯದು ಮರೆತು ಹಾರ್ಮೋನಿಯಂ ಮುಂದೆ ಕೂತ ಪೇಟಿ ಮಾಸ್ತರನ ಮುಖ ನೋಡಿದ. ಕೊನೆಗೆ ಅವನಿಗೇ ಒಂದು ಉಪಾಯ ಹೊಳೆಯಿತು.

"ನನ್ನ ಮಾತೂ ಹೊಳೆಮ್ಮನೇ ಹೇಳ್ಲಿ. 'ಮಹಾರಾಜರು ಹಿಂಗಂತಾರ' ಅಂದ್ರಾತು. ನಾನು ಮೀಸಿ ತಿರುವ್ತೀನಿ."

"ಹಂಗಾದ್ರ ನೀವ್ಯಾಕ ಬೇಕ್ರಿ ಸಾವ್ಕಾರ್ರ?" ಅಂದಳು ತಾಲೀಮಿಗೆ ಜೊತೆ ಬಂದಿದ್ದ ಗಾಳೆಮ್ಮ. "ಮಿಲ್ಲಿನ ತಕ್ಕಡಿಗೆ ಕಿರೀಟ ಹಾಕಿ ನಿಲ್ಲಿಸ್ರಿ. ಅದು ಅಲ್ಲಾಡಾದ್ರೂ ಅಲ್ಲಾಡ್ತೈತಿ."

"ನಟಿಯರು ನಿನ್ನ ಹತ್ರ ಮಾತ್ರ ಅದಾರೇನು?" ಎಂದು ಕೊಟ್ರಯ್ಯ ಕೂಗಾಡಿದ. ಗಾಳೆಮ್ಮ ಹೊಳೆಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಎರಡು ದಿನ ಅವನ ಜೀಪು ಹೊಸಪೇಟೆ, ಸಂಡೂರು ಸುತ್ತಿತು. ಹೋದಲ್ಲೆಲ್ಲ ಒಂದೇ ಉತ್ತರ: "ಅಕ್ಕನ್ನ ಕೇಳ್ರಿ." ಮೂರನೆಯ ದಿನ ಅವನೇ ಗಾಳೆಮ್ಮನ ಕಟ್ಟೆಯ ಮೇಲೆ ಬಂದು ಕೂತ. ಅವಳು ಹೇಳಿದಂತೆ ಹ್ಯಾಂಡ್‌ಬಿಲ್ಲು ಮತ್ತೆ ಅಚ್ಚಾಯಿತು, ರಾಜನ ಪಾತ್ರ ಶಾಲೆಯ ತಾಯಪ್ಪ ಮಾಸ್ತರನಿಗೆ ಹೋಯಿತು. ಕೊಟ್ರಯ್ಯ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತ. ಅದನ್ನೂ ಓರೆಯಾಗಿಯೇ ಹಿಡಿದಿದ್ದ.

ಆದರೆ ಅಂಥವರು ಸೋಲುವುದಿಲ್ಲ, ಸಂಘ ಕಟ್ಟುತ್ತಾರೆ. ಮರುವರ್ಷ ಕೊಟ್ರಯ್ಯ ಒಂದು ಕಲಾ ಸಂಘಕ್ಕೆ ಅಧ್ಯಕ್ಷನಾದ. ರಬ್ಬರ್ ಸ್ಟಾಂಪು ಬಂತು, ಬೋರ್ಡು ಬಂತು. ತಿಂಗಳ ಪಗಾರದ ಆಸೆ ತೋರಿಸಿ ಹೊಳೆಮ್ಮನನ್ನು ಕರೆದ. ಅವಳು ಹೋಗಿಬಿಟ್ಟಳು.

"ಹೋಗಾಕಿಗೆ ಹೇಳಿ ಹೋಗಾಕ ಬಾಯಿರಲಿಲ್ಲೇನು?" ಎಂದಷ್ಟೇ ಅಂದಳು ಗಾಳೆಮ್ಮ. ಹೊಳೆಮ್ಮನನ್ನು ಮಗಳಂತೆ ನೋಡಿಕೊಂಡವಳು. ಸಂಕಟವಾಗಿತ್ತು, ತೋರಿಸಿಕೊಳ್ಳಲು ಬಾರದು.

ಏಳು ತಿಂಗಳಾದ ಮೇಲೆ ಹೊಳೆಮ್ಮ ಟ್ರಂಕು ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಒಂದು ನಾಟಕನೂ ಆಡ್ಲಿಲ್ಲಕ್ಕ. ಬರೇ ಸನ್ಮಾನ. ಇಂಜಿನಿಯರಿಗೆ, ಅಮಲ್ದಾರರಿಗೆ, ಕಡೀಕ ಸಾವ್ಕಾರ್ರ ಬೀಗರಿಗೂ. ನಾನು ಶಾಲಿನ ತಟ್ಟಿ ಹಿಡ್ಕೊಂಡು ನಿಂದ್ರಬೇಕು."

"ಮಾತು ಇರಲಿಲ್ಲೇನು ನಿನ್ನ ಪಾತ್ರಕ್ಕ?"

"'ಬರ್ರಿ, ಕುಂದ್ರಿ' ಅಂತ."

ಗಾಳೆಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುವವರೆಗೂ ನಕ್ಕಳು. ಹೊಳೆಮ್ಮ ಅಳುತ್ತಲೇ ನಕ್ಕಳು.

"ಸೋಮವಾರ ದರೋಜಿಯೊಳಗ ತಾಲೀಮೈತಿ," ಅಂದಳು ಗಾಳೆಮ್ಮ, ಟ್ರಂಕು ಒಳಗೆಳೆಯುತ್ತ. "ದನಿ ಕೆಟ್ಟೈತಿ ನಿಂದು. ಮೊದ್ಲು ಉಣ್ಣು, ಆಮ್ಯಾಲೆ ಹಾಡಿ ತೋರ್ಸು."